ನಾಲೆ ನೀರು ಬಂದ ಊರು ಹಾಗೇ ಉಳಿಯಿತು, ನೀರು ಹತ್ತದ ಊರು ಬದಲಾಯಿತು. ಯಾಕೆ?

ನಾಲೆಬಯಲು

ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋಗಿದ್ದೆ. ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಹಳ್ಳಿ. ತಂಗಿಯ ಮದುವೆ ಮಾತುಕತೆ ನಡೆಯುತ್ತಿತ್ತು. ಗಂಡಿನ ಕಡೆಯವರು ಬಾಯಿಬಿಟ್ಟು ಏನೂ ಕೇಳಲಿಲ್ಲ. "ನಿಮ್ಮ ಮಗಳಿಗೆ ನೀವೇನು ಹಾಕ್ತೀರೋ ಅದು ನಿಮ್ಮಿಷ್ಟ" ಅಂದರು. ಅದರ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವರು ಹೋದ ಮೇಲೆ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳಿದರು: "ನನ್ನ ಮದ್ವೇಲಿ ಅವರೇ ನಮ್ಮಪ್ಪಂಗೆ ತೆರ ಕೊಟ್ಟಿದ್ರು ಕಣಪ್ಪ."

ತೆರ ಅಂದರೆ ಗಂಡಿನ ಮನೆಯವರು ಹೆಣ್ಣಿನ ತಂದೆಗೆ ಕೊಡುತ್ತಿದ್ದ ದುಡ್ಡು. ಅಜ್ಜಿಗೆ ಈಗ ತೊಂಬತ್ತರ ಹತ್ತಿರ. ಮದುವೆ ಆಗಿದ್ದು 1950ರ ದಶಕದ ಮೊದಲಲ್ಲಿ. ಎಪ್ಪತ್ತು ವರ್ಷದಲ್ಲಿ ದುಡ್ಡು ಹರಿಯುವ ದಿಕ್ಕೇ ತಿರುಗಿದೆ. ಜಾತಿ ಅದೇ, ಮನೆದೇವರು ಅದೇ, ಸೋಬಾನೆ ಪದಗಳೂ ಹೆಚ್ಚುಕಮ್ಮಿ ಅವೇ. ಹಾಗಾದರೆ ಬದಲಾಗಿದ್ದೇನು?

ನನ್ನ ಉತ್ತರ: ನೀರು. ಕನ್ನಂಬಾಡಿ ಕಟ್ಟೆ ಕಟ್ಟಿದರು, ನಾಲೆ ಬಂತು, ರಾಗಿ ಹೊಲ ಹೋಗಿ ಭತ್ತದ ಗದ್ದೆ ಆಯಿತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಶುರುವಾಯಿತು, ಕೈಯಲ್ಲಿ ಕಾಸು ಓಡಾಡಿತು. ಬದುಕುವ ರೀತಿ ಬದಲಾದರೆ ಮದುವೆ, ಮರ್ಯಾದೆ, ದೇವರು, ರಾಜಕೀಯ ಎಲ್ಲ ಬದಲಾಗಲೇಬೇಕು ಅಂದುಕೊಂಡಿದ್ದೆ.

ಆಮೇಲೆ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಅಧ್ಯಯನ ಓದಿದೆ, ತಲೆ ಕೆಟ್ಟಿತು. ಅವರು 1954ರಿಂದ 56ರ ತನಕ ಮಂಡ್ಯದ ಪಕ್ಕದ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದವರು. ಊರಿನ ನಿಜವಾದ ಹೆಸರು ಮರೆಮಾಡಿ ಒಂದಕ್ಕೆ 'ವಂಗಲ', ಇನ್ನೊಂದಕ್ಕೆ 'ದಲೇನ' ಅಂತ ಹೆಸರಿಟ್ಟರು. ವಂಗಲಕ್ಕೆ ನಾಲೆ ನೀರು ಬಂತು. ದಲೇನ ಸ್ವಲ್ಪ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಸುತ್ತ ಹಸಿರು, ನಡುವೆ ಒಣ ಊರು. ಯಾವುದು ಜಾಸ್ತಿ ಬದಲಾಗಿರುತ್ತದೆ? ನೀವು ನನ್ನ ಹಾಗೆ ಯೋಚಿಸಿದರೆ ವಂಗಲ ಅನ್ನುತ್ತೀರಿ.

ಆದರೆ ಆಗಿದ್ದು ಉಲ್ಟಾ. ವಂಗಲದವರು ಶ್ರೀಮಂತರಾದರು, ಊರಿನ ಕಟ್ಟು ಮಾತ್ರ ಹಳೆಯದೇ ಉಳಿಯಿತು. ಅದೇ ಯಜಮಾನಿಕೆ, ಅದೇ ವಂಶಪಾರಂಪರ್ಯದ ಆಳು, ಸುಗ್ಗಿಯಲ್ಲಿ ಕೆಲಸದವರಿಗೆ ಧಾನ್ಯದ ಪಾಲು ಕೊಡುವ ಅದೇ ಆಯದ ಲೆಕ್ಕ. ದಲೇನದವರು ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು, ಹಿಟ್ಟಿನ ಗಿರಣಿ ಹಾಕಿದರು, ದನದ ವ್ಯಾಪಾರ ಮಾಡಿದರು, ಕಂಟ್ರಾಕ್ಟು ಹಿಡಿದರು, ಮಂಡ್ಯ ಪೇಟೆಗೆ ಕೆಲಸಕ್ಕೆ ಹೋದರು. ಅವರ ಊರಿನಲ್ಲಿ ಹಳೆಯ ಸಂಬಂಧಗಳು ಸಡಿಲವಾದವು.

ಅಂದರೆ ನನ್ನ ಸೂತ್ರ ತಪ್ಪಾ? ನೀವೇನಂತೀರಿ?

---

ಒಣಬೇಸಾಯ

ಗುರುವೇ, ಸೂತ್ರ ತಪ್ಪಿಲ್ಲ, ನೀನು ಅದನ್ನ ಓದಿದ್ದು ತಪ್ಪು. ನೀರು ಬಾರದೆ ಇರೋದೂ ಒಂದು ಭೌತಿಕ ಪರಿಸ್ಥಿತಿಯೇ ತಾನೆ?

ನಾನು ನಾಗಮಂಗಲ ಕಡೆಯವನು. ಜಿಲ್ಲೆ ಮಂಡ್ಯವೇ, ಆದರೆ 'ಮಂಡ್ಯ' ಅಂದಾಗ ಜನರ ಕಣ್ಮುಂದೆ ಬರುವ ಹಸಿರು ನಮ್ಮದಲ್ಲ. ನಮ್ಮ ಕಡೆಯವರು, ಕೆ.ಆರ್.ಪೇಟೆ ಕಡೆಯವರು ಯಾವ ಕಾಲದಿಂದ ಮುಂಬಯಿಗೆ ಹೋಗಿದ್ದಾರೆ ಗೊತ್ತಾ? 2020ರ ಮೇ ತಿಂಗಳಲ್ಲಿ ಕೊರೊನಾ ಸುದ್ದಿ ನೋಡುವಾಗ 'ಮುಂಬಯಿಯಿಂದ ಬಂದ ಮಂಡ್ಯದವರು' ಅಂತ ದಿನಾ ಟೀವಿಯಲ್ಲಿ ಬರುತ್ತಿತ್ತಲ್ಲ, ಅವರಲ್ಲಿ ಮುಕ್ಕಾಲು ಪಾಲು ಈ ಕಡೆಯವರೇ ಅಂತ ನಾವು ಮನೆಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದೆವು. ನಾಲೆ ಇದ್ದಿದ್ದರೆ ನಮ್ಮಪ್ಪ ಊರು ಬಿಡುತ್ತಿರಲಿಲ್ಲ. ನಾನು ಇಂಜಿನಿಯರಿಂಗ್ ಓದುತ್ತಲೂ ಇರಲಿಲ್ಲ. ಬೆಳಿಗ್ಗೆ ಎದ್ದು ಗದ್ದೆ ಬದು ನೋಡಿಕೊಂಡು ಬರುತ್ತಿದ್ದೆ.

ಹೊಟ್ಟೆ ತುಂಬಿದವನು ಯಾಕೆ ಬದಲಾಗಬೇಕು ಹೇಳಿ.

---

ನಾಲೆಬಯಲು

ಅಣ್ಣಾ, ಅಲ್ಲೇ ನನಗೆ ಅನುಮಾನ. ನೀರು ಬಂದರೂ 'ಅದಕ್ಕೇ ಹೀಗಾಯಿತು', ಬಾರದಿದ್ದರೂ 'ಅದಕ್ಕೇ ಹೀಗಾಯಿತು' ಅಂದರೆ ಅದು ವಿವರಣೆ ಆಗುತ್ತಾ? ಜೋಯಿಸರು ಹೇಳುವ ಭವಿಷ್ಯದ ತರಹ ಆಯಿತು. ಮಳೆ ಬಂದರೂ ಸರಿ, ಬಾರದಿದ್ದರೂ ಸರಿ.

---

ಹಳೇ ಮೇಷ್ಟ್ರು

ಮಗು, ನಿಮ್ಮ ಕಥೆಯನ್ನು ಅರ್ಧದಿಂದ ಶುರು ಮಾಡಿದ್ದೀರಿ. 'ಕಟ್ಟೆ ಕಟ್ಟಿದರು, ನಾಲೆ ಬಂತು' ಅಂದಿರಿ. ಕಟ್ಟೆ ಯಾಕೆ ಕಟ್ಟಿದರು? ರೈತರಿಗೆ ನೀರು ಕೊಡಲು ಅಂತ ಸಭೆ ಸಮಾರಂಭದ ಭಾಷಣದಲ್ಲಿ ಹೇಳುತ್ತಾರೆ. ಅದು ಅರ್ಧ ಸತ್ಯ.

1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಲು ಶುರುವಾಯಿತು. ಆ ವಿದ್ಯುತ್ ಮೊದಲು ಹೋಗಿದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಗಣಿ ನಡೆಸುತ್ತಿದ್ದವರು ಇಂಗ್ಲಿಷ್ ಕಂಪನಿಯವರು. ಅವರಿಗೆ ವರ್ಷ ಪೂರ್ತಿ ಒಂದೇ ಸಮ ವಿದ್ಯುತ್ ಬೇಕು. ಕಾವೇರಿ ಬೇಸಿಗೆಯಲ್ಲಿ ಸೊರಗುತ್ತಾಳೆ. ಆದ್ದರಿಂದ ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವ ಜಲಾಶಯ ಬೇಕಾಯಿತು. ಕನ್ನಂಬಾಡಿಯ ಹಿಂದೆ ಇದ್ದ ಒಂದು ದೊಡ್ಡ ಒತ್ತಡ ಇದೇ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದರು. ವಿದ್ಯುತ್ತು, ನೀರಾವರಿ ಎರಡನ್ನೂ ಒಂದೇ ಯೋಜನೆಯಲ್ಲಿ ಸೇರಿಸಿದ್ದು ಅವರ ಜಾಣತನ. 1911ರಲ್ಲಿ ಕೆಲಸ ಶುರು. ಮದರಾಸಿನವರ ತಕರಾರು ಮುಗಿದು ಒಪ್ಪಂದ ಆಗಿದ್ದು 1924ರಲ್ಲಿ. ಈಗಿನ ವಿಶ್ವೇಶ್ವರಯ್ಯ ನಾಲೆಗೆ ಆಗಿನ ವೈಸರಾಯ್ ಹೆಸರು ಇಟ್ಟು ಇರ್ವಿನ್ ನಾಲೆ ಅಂದರು. ನಮ್ಮ ತಂದೆಯವರು ಕೊನೆಯ ತನಕ 'ಇರ್ವಿನ್ ಚಾನಲ್' ಅಂತಲೇ ಹೇಳುತ್ತಿದ್ದರು.

ಈಗ ಯೋಚಿಸಿ. ಕೋಲಾರದಲ್ಲಿ ಚಿನ್ನದ ಅದಿರು ಆಳಕ್ಕೆ ಇಳಿಯಿತು, ನೀರೆತ್ತಲು, ಬಂಡೆ ಕೊರೆಯಲು ವಿದ್ಯುತ್ ಬೇಕಾಯಿತು, ಅದಕ್ಕೆ ಕಾವೇರಿಗೆ ಕಟ್ಟೆ ಬಂತು, ಕಟ್ಟೆಯಿಂದ ನಾಲೆ, ನಾಲೆಯಿಂದ ನಿಮ್ಮ ಅಜ್ಜಿಯ ತೆರ ಹೋಗಿ ತಂಗಿಗೆ ವರದಕ್ಷಿಣೆ. ಭೌತಿಕ ಕಾರಣ ಅಂದರೆ ಇಷ್ಟು ಉದ್ದದ ಸರಪಳಿ. ನಿಮ್ಮ ಊರಿನ ಗದ್ದೆಯಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು ವಿಷಯ. ನೀರಿನ ಜೊತೆ ಬಂದ ಸಕ್ಕರೆ ಕಾರ್ಖಾನೆ ರೈತನ ಕ್ಯಾಲೆಂಡರನ್ನೇ ಬದಲಾಯಿಸಿತು. ರಾಗಿಗೆ ನಾಲ್ಕು ತಿಂಗಳು ಸಾಕು, ಬೆಳೆದವನೇ ಕಣ ಮಾಡಿ ವಾಡೆಗೆ ತುಂಬುತ್ತಿದ್ದ. ಕಬ್ಬು ವರ್ಷ ನಿಲ್ಲುತ್ತದೆ. ಯಾವಾಗ ಕಡಿಯಬೇಕು ಅಂತ ಹೇಳುವವನು ಕಾರ್ಖಾನೆಯವನು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬು ಮತ್ತು ಕಾರ್ಖಾನೆ ಎರಡರ ಹಿಂದೆಯೂ ಇದ್ದರು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಅದಕ್ಕೂ ಮುಂಚೆ ಮಂಡ್ಯ ಒಂದು ಸಣ್ಣ ಊರು.

---

ಮಸಾಲೆದೋಸೆ

ಮೇಷ್ಟ್ರೇ, ಚಿನ್ನದ ಗಣಿಯಿಂದ ವರದಕ್ಷಿಣೆ ಚಿನ್ನದ ತನಕ ಬಂದಿರಿ. ಸರ್ಕಲ್ ಪೂರ್ತಿ ಆಯ್ತು 😀

---

ಸಿಂಧನೂರಿನವ

ನಮಸ್ಕಾರ್ರಿ. ನಮ್ಮ ಕಡೆದೂ ಸ್ವಲ್ಪ ಹೇಳತೀನಿ, ಯಾಕಂದ್ರ 'ನೀರು ಬಂದ್ರ ಹಳೇದು ಹಂಗ ಉಳೀತದ' ಅನ್ನೋದು ನಮ್ಮ ಊರಿಗೆ ಸುಳ್ಳು. ಇನ್ನ ಮುಂದ ಪುಸ್ತಕದ ಕನ್ನಡದಾಗ ಬರೀತೀನಿ, ಎಲ್ಲರಿಗೂ ತಿಳಿಯಲಿ.

ತುಂಗಭದ್ರಾ ಅಣೆಕಟ್ಟು ಮುಗಿದಿದ್ದು 1953ರಲ್ಲಿ. ಎಡದಂಡೆ ನಾಲೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಬಂತು. ನಮ್ಮದು ಎರೆ ಭೂಮಿ. ಬಿಳಿಜೋಳ, ಹತ್ತಿ, ಕಡಲೆ. ಮಳೆ ನೋಡಿಕೊಂಡು ಬಿತ್ತುವ ಜನ. ಸರ್ಕಾರ ಯೋಜನೆ ಹಾಕಿದ್ದೂ ಹಾಗೆಯೇ: ಹೆಚ್ಚಿನ ಜಾಗದಲ್ಲಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ, ಸ್ವಲ್ಪ ಜಾಗದಲ್ಲಿ ಮಾತ್ರ ಭತ್ತ. ಕಾಗದದ ಮೇಲೆ ಚೆನ್ನಾಗಿತ್ತು.

ಆದರೆ ಭತ್ತ ಬೆಳೆಯಲು ಭೂಮಿ ಮಟ್ಟ ಮಾಡಬೇಕು, ಮಡಿ ಕಟ್ಟಬೇಕು, ಕೈಯಲ್ಲಿ ದುಡ್ಡು ಇರಬೇಕು, ಗೊತ್ತೂ ಇರಬೇಕು. ನಮ್ಮ ಹಿರಿಯರಿಗೆ ಎರಡೂ ಇರಲಿಲ್ಲ. ಆಂಧ್ರದ ಡೆಲ್ಟಾ ಕಡೆಯವರಿಗೆ ಎರಡೂ ಇತ್ತು. ಅಲ್ಲಿ ಒಂದೆರಡು ಎಕರೆ ಮಾರಿ ಇಲ್ಲಿ ಹತ್ತಾರು ಎಕರೆ ಕೊಂಡರು. ಅವರು ಬಂದು ಕೂತ ಜಾಗಕ್ಕೆ 'ಕ್ಯಾಂಪ್' ಅಂತ ಹೆಸರು. ಇವತ್ತಿಗೂ ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರಿನ ಪಕ್ಕ ಕ್ಯಾಂಪ್ ಅಂತಲೇ ಇರುತ್ತದೆ. ಆಮೇಲೆ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಹತ್ತಿರ ಕ್ಯಾಂಪ್ ಮಾಡಿಕೊಟ್ಟರು. ಒಂದೇ ತಾಲೂಕಿನಲ್ಲಿ ಕನ್ನಡ, ತೆಲುಗು, ಬಂಗಾಳಿ ಮೂರೂ ಕೇಳಿಸುತ್ತದೆ.

ನಮ್ಮ ತಾತ ಹೊಲ ಮಾರಿದ. ಒಳ್ಳೆಯ ರೇಟು ಸಿಕ್ಕಿತು ಅಂತ ಖುಷಿಯಾಗಿದ್ದನಂತೆ. ಆಮೇಲೆ ಅದೇ ಹೊಲದಲ್ಲಿ ನಮ್ಮ ಅಮ್ಮ ಭತ್ತ ಹಚ್ಚಲು ಕೂಲಿಗೆ ಹೋದಳು. ಇದನ್ನು ದೂರಾಗಿ ಹೇಳುತ್ತಿಲ್ಲ. ಕೊಂಡವರು ಮೋಸ ಮಾಡಲಿಲ್ಲ, ದುಡಿದರು. ನಾವೂ ಅವರಿಂದ ಭತ್ತ ಕಲಿತೆವು. ಈಗ ನನ್ನ ಅಣ್ಣ ಅವರಲ್ಲೇ ಒಬ್ಬರ ಗದ್ದೆಯನ್ನು ಲೀಸಿಗೆ ಮಾಡುತ್ತಿದ್ದಾನೆ.

ಹಾಗಾಗಿ ನಾಲೆಬಯಲು ಅವರೇ, ಮಂಡ್ಯದಲ್ಲಿ ನೀರು ಬಂದಾಗ ಇದ್ದವರೇ ಭೂಮಿ ಉಳಿಸಿಕೊಂಡರು, ಅದಕ್ಕೆ ಊರು ಹಾಗೇ ಉಳಿಯಿತು. ನಮ್ಮಲ್ಲಿ ಭೂಮಿ ಕೈ ಬದಲಾಯಿತು, ಅದಕ್ಕೆ ಊರೇ ಬದಲಾಯಿತು. ಎರಡೂ ಕಡೆ ಬಂದಿದ್ದು ನೀರೇ.

ಮೇಲಿನವರು ಎಲ್ಲರೂ ಭತ್ತ ಹಾಕಿದ ಮೇಲೆ ಕೊನೆ ಭಾಗಕ್ಕೆ ನೀರು ಎಲ್ಲಿಂದ ಬರಬೇಕು? ಮಾನ್ವಿ, ರಾಯಚೂರು ಕಡೆಯವರು ವರ್ಷವೂ ರಸ್ತೆಗೆ ಇಳಿಯುತ್ತಾರೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಮಾತ್ರ ಕ್ಯಾಂಪಿನವರು, ಊರಿನವರು, ಮೇಲಿನವರು, ಕೊನೆಯವರು ಎಲ್ಲರೂ ಒಂದೇ ತರಹ ಬೆವತಿದ್ದರು. ನಮ್ಮ ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

---

ನಾಲೆಬಯಲು

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. 'ನೀರು ಬಂತಾ' ಅನ್ನುವ ಪ್ರಶ್ನೆಯ ಜೊತೆಗೆ 'ಬಂದಾಗ ಭೂಮಿ ಯಾರ ಕೈಯಲ್ಲಿತ್ತು, ಗದ್ದೆ ಮಾಡುವ ದುಡ್ಡು ಯಾರಿಗೆ ಸಿಕ್ಕಿತು' ಅಂತಲೂ ಕೇಳಬೇಕು. ಮಂಡ್ಯದಲ್ಲಿ ಕಬ್ಬಿಗೆ ಕಾರ್ಖಾನೆಯವರೇ ಮುಂಗಡ, ಗೊಬ್ಬರ ಕೊಡುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ಸಾಲ ಊರೊಳಗೇ ಸಿಕ್ಕಿತು, ಭೂಮಿ ಹೊರಗಿನವರಿಗೆ ಹೋಗಲಿಲ್ಲ.

---

ತೂಬು

ಭೂಮಿ ಯಾರ ಕೈಯಲ್ಲಿತ್ತು ಅಂತ ಕೇಳಿದ್ದಕ್ಕೆ ಥ್ಯಾಂಕ್ಸ್. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ.

ನಮ್ಮದು ಅದೇ ಮಂಡ್ಯ ಸೀಮೆ, ಊರಾಚೆಯ ಕೇರಿ. ನಮ್ಮ ಮುತ್ತಾತ ನೀರುಗಂಟಿ. ನಾಲೆಗಿಂತ ಮುಂಚೆ ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬಿಗೊಬ್ಬ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನೇ ತಿರುಗಿಸುತ್ತಿದ್ದ. ಹಳೆ ಮೈಸೂರಿನ ಬಹಳ ಊರುಗಳಲ್ಲಿ ಆ ಕೆಲಸ ದಲಿತರದೇ. ಕಾರಣ ಏನು ಗೊತ್ತಾ? ನೀರುಗಂಟಿಗೆ ಸ್ವಂತ ಗದ್ದೆ ಇಲ್ಲ, ಆದ್ದರಿಂದ ಪಕ್ಷಪಾತ ಮಾಡಲ್ಲ ಅಂತ. ಇದನ್ನು ಜನ ಈಗಲೂ ಮೆಚ್ಚಿಕೊಂಡು ಹೇಳುತ್ತಾರೆ. ಯಾಕೆ ಗದ್ದೆ ಇಲ್ಲ ಅಂತ ಮಾತ್ರ ಕೇಳಲ್ಲ.

ನಾಲೆ ಬಂದ ಮೇಲೆ ನೀರು ಬಿಡಲು ಇಲಾಖೆಯ ಸೌಡಿ ಬಂದ. ಸಂಬಳದವನು. ಮುತ್ತಾತನಿಗೆ ಸುಗ್ಗಿಯಲ್ಲಿ ಬರುತ್ತಿದ್ದ ಆಯ ಕಡಿಮೆಯಾಗುತ್ತಾ ನಿಂತೇ ಹೋಯಿತು. ಕೆರೆಯೂ ಹೂಳು ತುಂಬಿತು. ನಾಲೆ ಇರುವಾಗ ಕೆರೆ ಯಾರಿಗೆ ಬೇಕು?

ಇನ್ನು ವಂಶಪಾರಂಪರ್ಯದ ಆಳು ಅಂದಿರಲ್ಲ, ಅದಕ್ಕೆ ನಮ್ಮ ಕಡೆ ಇದ್ದ ಹೆಸರು 'ಹಳೆಮಗ'. ಒಂದು ಗೌಡರ ಮನೆಗೆ ಒಂದು ಕೇರಿಯ ಮನೆ. ತಲೆತಲಾಂತರ. ಮದುವೆ, ಸಾವು, ಹಬ್ಬ, ಎಲ್ಲದರಲ್ಲೂ ಹಳೆಮಗನಿಗೆ ಒಂದು ಕೆಲಸ, ಒಂದು ಪಾಲು. 'ಮಗ' ಅಂತ ಕರೆಯುತ್ತಿದ್ದರು, ಮನೆಯೊಳಗೆ ಬಿಡುತ್ತಿರಲಿಲ್ಲ.

ವಂಗಲದಲ್ಲಿ ಅದು ಯಾಕೆ ಉಳಿಯಿತು? ಸಂಪ್ರದಾಯದ ಮೇಲಿನ ಪ್ರೀತಿಯಿಂದ ಅಲ್ಲ. ಭತ್ತ, ಕಬ್ಬಿಗೆ ರಾಗಿಗಿಂತ ಎಷ್ಟೋ ಪಟ್ಟು ಜನ ಬೇಕು. ನಾಟಿ ಸಮಯದಲ್ಲಿ ಆಳು ಸಿಗದಿದ್ದರೆ ಬೆಳೆ ಹೋಯಿತು. ಕರೆದಾಗ ಬರಲೇಬೇಕಾದ ಹಳೆಮಗ ಇದ್ದರೆ ಯಾರಿಗೆ ಅನುಕೂಲ? ಹಳೆಯ ಕಟ್ಟು ಹೊಸ ಬೆಳೆಗೆ ಚೆನ್ನಾಗಿ ಒದಗಿತು, ಅದಕ್ಕೆ ಉಳಿಯಿತು. ದಲೇನದಲ್ಲಿ ಯಜಮಾನನೇ ಪೇಟೆಗೆ ಹೋದ, ಹಳೆಮಗನಿಗೆ ವರ್ಷಪೂರ್ತಿ ಕೊಡಲು ಕೆಲಸ ಇಲ್ಲ. ಸಂಬಂಧ ಕಡಿಯಿತು. ಬಿಡುಗಡೆ ಆಯಿತು ಅನ್ನಬಹುದು. ಜೊತೆಗೆ ಕೆಟ್ಟ ವರ್ಷದಲ್ಲಿ ಬಾಗಿಲಿಗೆ ಹೋಗಿ ಕೇಳಿದರೆ ಸಿಗುತ್ತಿದ್ದ ನಾಲ್ಕು ಸೇರು ರಾಗಿಯೂ ಹೋಯಿತು.

ನೀರು ಊರಿಗೆ ಬಂತು ಅನ್ನುತ್ತೀರಿ. ಅದು ಬಂದಿದ್ದು ಜಮೀನಿಗೆ.

---

ಒಣಬೇಸಾಯ

ತೂಬು ಅಣ್ಣಾ, ಮೇಲೆ 'ಹೊಟ್ಟೆ ತುಂಬಿದವನು' ಅಂತ ಬರೆದಿದ್ದೆ. ಯಾರ ಹೊಟ್ಟೆ ಅಂತ ನಾನು ಕೇಳಿಕೊಂಡಿರಲಿಲ್ಲ. ನಿಮ್ಮ ಕುಟುಂಬ ಆಚೆ ಬಂದಿದ್ದು ಹೇಗೆ?

---

ತೂಬು

ಅಪ್ಪ ಹಾಸ್ಟೆಲಿನಲ್ಲಿ ಓದಿದರು, ಸರ್ಕಾರಿ ಕೆಲಸ ಸಿಕ್ಕಿತು. ಮೀಸಲಾತಿ, ಹಾಸ್ಟೆಲ್ಲು, ಅಂಬೇಡ್ಕರ್. ಇದರಲ್ಲಿ ನಾಲೆಯ ಪಾತ್ರ ಏನೂ ಇಲ್ಲ. ಆದ್ದರಿಂದ 'ಎಲ್ಲಕ್ಕೂ ಮೂಲ ನೀರು, ಭೂಮಿ, ಹಣ' ಅಂದರೆ ನಾನು ಪೂರ್ತಿ ಒಪ್ಪಲ್ಲ. ಕಾನೂನು, ಚಳವಳಿ, ಒಬ್ಬ ಮನುಷ್ಯನ ಹಟ, ಇವಕ್ಕೂ ಲೆಕ್ಕ ಇದೆ.

---

ಬಾವಿಕಟ್ಟೆ

ತೂಬು ಅವರ ಮಾತಿಗೆ ಕರಾವಳಿಯಿಂದ ಒಂದು ಬೆಂಬಲ. ನಮ್ಮದು ಉಡುಪಿ ಹತ್ತಿರ. ಒಂದೇ ಮಳೆ, ಒಂದೇ ಬಯಲು ಗದ್ದೆ, ಒಂದೇ ತರಹ ತೆಂಗು, ಅಡಿಕೆ. ಆದರೂ ಅಕ್ಕಪಕ್ಕದ ಎರಡು ಮನೆಯಲ್ಲಿ ಆಸ್ತಿಯ ಕಾನೂನೇ ಬೇರೆ. ಬಂಟರು, ಬಿಲ್ಲವರು, ಮೊಗವೀರರದು ಅಳಿಯಕಟ್ಟು. ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತದೆ, ಮಾವನ ನಂತರ ಸೋದರಳಿಯ. ಪಕ್ಕದ ಬ್ರಾಹ್ಮಣರ ಮನೆಯಲ್ಲಿ ಮಕ್ಕಳಕಟ್ಟು, ಅಂದರೆ ಅಪ್ಪನ ಆಸ್ತಿ ಮಕ್ಕಳಿಗೆ. ಮಣ್ಣು, ನೀರು ನೋಡಿ ಇದನ್ನು ಯಾರಾದರೂ ಹೇಳಲಿ ನೋಡೋಣ. ಹೇಳಲಿಕ್ಕೆ ಆಗುವುದಿಲ್ಲ.

ಆದರೆ ಅಳಿಯಕಟ್ಟು ಹೇಗೆ ಮುಗಿಯಿತು ಅಂತ ಕೇಳಿದರೆ ಮಾತ್ರ ಮತ್ತೆ ಭೂಮಿಗೇ ಬರಬೇಕು. 1949ರ ಮದರಾಸು ಅಳಿಯಸಂತಾನ ಕಾಯ್ದೆಯಿಂದ ಕುಟುಂಬದ ಆಸ್ತಿ ಪಾಲಾಗಲು ದಾರಿ ಆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 1974ರ ಭೂಸುಧಾರಣೆಯಲ್ಲಿ ದೊಡ್ಡ ಮನೆಗಳ ಗೇಣಿ ಭೂಮಿ ಒಕ್ಕಲುಗಳಿಗೆ ಹೋಯಿತು. ಚಾಲಗೇಣಿ, ಅಂದರೆ ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿ, ಮಾಡುತ್ತಿದ್ದವರು ಒಡೆಯರಾದರು. ಇತ್ತ ಕಡೆ ಮುಂಬಯಿ ಹೋಟೆಲಿನ ಸಂಪಾದನೆ. ಗಂಡಸು ಸ್ವಂತ ದುಡಿಮೆಯಿಂದ ಮಾಡಿದ ಹಣವನ್ನು ಅಕ್ಕನ ಮಕ್ಕಳಿಗೆ ಯಾಕೆ ಬಿಡುತ್ತಾನೆ? ತನ್ನ ಮಕ್ಕಳಿಗೇ ಕೊಟ್ಟ. ಈಗ ಉಳಿದಿರುವುದು ಬಳಿ (ತಾಯಿಯ ಕಡೆಯ ಕುಲ), ತರವಾಡು ಮನೆ (ಕುಟುಂಬದ ಮೂಲಮನೆ), ವರ್ಷಕ್ಕೊಮ್ಮೆ ನೇಮ (ದೈವದ ಕೋಲ). ನೇಮದ ದಿನ ಎಲ್ಲರೂ ಬರುತ್ತಾರೆ, ಗಂಜಿ ಊಟ ಮಾಡಿ ಕಾರು ಹತ್ತುತ್ತಾರೆ.

ಹುಟ್ಟಿದ್ದಕ್ಕೆ ಕಾರಣ ಬೇರೆ, ಸತ್ತಿದ್ದಕ್ಕೆ ಕಾರಣ ಬೇರೆ. ನೀವು ಎರಡಕ್ಕೂ ಒಂದೇ ಬೀಗದ ಕೈ ಹುಡುಕುವುದು ಬೇಡ ಅಂತ ನನ್ನ ಅಭಿಪ್ರಾಯ.

---

ಪೆನ್ನುಪಾರ್ಟಿ

ವಿಟ್‌ಫೋಗೆಲ್ ಅಂತ ಒಬ್ಬ ಇತಿಹಾಸಕಾರರು 1957ರಲ್ಲಿ ಹೇಳಿದ್ದರು: ದೊಡ್ಡ ನೀರಾವರಿ ಇದ್ದ ಕಡೆ ಸರ್ವಾಧಿಕಾರದ ರಾಜ್ಯ ಹುಟ್ಟುತ್ತದೆ, ಯಾಕೆಂದರೆ ಅಷ್ಟು ಜನರನ್ನು ಸೇರಿಸಿ ಕಾಲುವೆ ಕಡಿಸಲು ಬಲವಾದ ದೊರೆ ಬೇಕು. ಅದರ ಬಗ್ಗೆ ಇಲ್ಲಿ ಯಾರೂ ಮಾತಾಡಿಲ್ಲವಲ್ಲ.

---

ಹಳೇ ಮೇಷ್ಟ್ರು

ಮಾತಾಡಬಹುದು, ಆದರೆ ನಮ್ಮ ನಾಡಿನಲ್ಲಿ ಆ ವಾದ ಕೆರೆಯಲ್ಲೇ ಮುಳುಗುತ್ತದೆ. ನಮ್ಮ ಸಾವಿರಾರು ಕೆರೆಗಳನ್ನು ಒಬ್ಬ ದೊರೆ ಕೂತು ನಡೆಸಲಿಲ್ಲ. ಕಟ್ಟಿಸಿದವರಲ್ಲಿ ರಾಜರಿದ್ದಾರೆ, ಸಾಮಂತರಿದ್ದಾರೆ, ಗೌಡರಿದ್ದಾರೆ, ವ್ಯಾಪಾರಿಗಳಿದ್ದಾರೆ. ಶಾಸನಗಳಲ್ಲಿ ಕೆರೆ ನೋಡಿಕೊಳ್ಳಲು ಬಿಟ್ಟುಕೊಟ್ಟ ಭೂಮಿಗೆ 'ಕಟ್ಟುಕೊಡಗೆ' ಅನ್ನುವ ಮಾತೇ ಇದೆ. ದಿನದಿನದ ನೀರು ಹಂಚುತ್ತಿದ್ದವರು ತೂಬು ಅವರ ಮುತ್ತಾತನಂಥವರು. ಊರಿನೊಳಗೆ ದಬ್ಬಾಳಿಕೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಮಾಡಲು ಚಕ್ರವರ್ತಿ ಬೇಕಾಗಿರಲಿಲ್ಲ, ಊರ ಗೌಡನೇ ಸಾಕಿತ್ತು.

ಬಾವಿಕಟ್ಟೆಯವರ ಮಾತು ನನಗೆ ಹಿಡಿಸಿತು.

---

ನಾಟಿಮಡಿ

ಗಂಡಸರೆಲ್ಲ ಡ್ಯಾಮು, ಗೇಟು, ವಿಟ್‌ಫೋಗೆಲ್ ಅಂತ ಎಲ್ಲೆಲ್ಲೋ ಹೋದಿರಿ. ಪ್ರಶ್ನೆ ಶುರುವಾಗಿದ್ದು ಅಜ್ಜಿಯ ತೆರದಿಂದ. ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ, ಅಲ್ವಾ?

ನಾನು ಪಾಂಡವಪುರದವಳು. ಹೇಳ್ತೀನಿ ಕೇಳಿ. ಒಣ ಬೇಸಾಯದ ರೈತನ ಮನೆಯಲ್ಲಿ ಸೊಸೆ ಅಂದರೆ ದುಡಿಯುವ ಎರಡು ಕೈ. ರಾಗಿ ಹೊಲದಲ್ಲಿ ಕಳೆ ತೆಗೆಯುವುದು, ಕೊಯ್ಯುವುದು, ಗೊಬ್ಬರ ಹೊರುವುದು, ಹಸು ಎಮ್ಮೆ ನೋಡುವುದು, ಆಮೇಲೆ ಬೀಸಿ ಮುದ್ದೆ ಕಟ್ಟುವುದು. ಮಗಳನ್ನು ಕೊಟ್ಟರೆ ತಂದೆಯ ಮನೆಯಲ್ಲಿ ಆ ಎರಡು ಕೈ ಕಡಿಮೆಯಾಗುತ್ತದೆ. ಅದಕ್ಕೆ ತೆರ.

ನೀರು ಬಂದು ಕಾಸು ಬಂದ ಮೇಲೆ ಮೊದಲು ಆದ ಬದಲಾವಣೆ ಏನು? ಸ್ವಲ್ಪ ಇದ್ದವರ ಮನೆಯ ಹೆಂಗಸರನ್ನು ಗದ್ದೆಯಿಂದ ಒಳಗೆ ಕರೆದುಕೊಂಡರು. 'ನಮ್ಮ ಮನೆ ಹೆಂಗಸರು ಗದ್ದೆಗೆ ಇಳಿಯಲ್ಲ' ಅನ್ನೋದು ಮರ್ಯಾದೆಯ ಮಾತಾಯಿತು. ಊರಿನ ಬ್ರಾಹ್ಮಣರ ಮನೆಯ ತರಹ. ಸೊಸೆ ದುಡಿಯುವ ಕೈ ಆಗಿದ್ದವಳು ಊಟ ಹಾಕಬೇಕಾದ ಬಾಯಿ ಆದಳು. ಈಗ ದುಡ್ಡು ಕೊಡಬೇಕಾದವರು ಯಾರು ಅಂತ ನೀವೇ ಲೆಕ್ಕ ಹಾಕಿ. ಎಪ್‌ಸ್ಟೈನ್ 1970ರಲ್ಲಿ ವಾಪಸ್ ಬಂದಾಗ ತೆರ ಹೋಗಿ ವರದಕ್ಷಿಣೆ ಬಂದಿದ್ದನ್ನು ಅವರೂ ಕಂಡರು. ಇದ್ದವರು, ಇಲ್ಲದವರ ನಡುವೆ ಅಂತರ ಹೆಚ್ಚಿದ್ದನ್ನೂ ಕಂಡರು.

ಆದರೆ ಭತ್ತದ ನಾಟಿ ಹೆಂಗಸರ ಕೆಲಸವೇ. ಯಾರಾದರೂ ಮಾಡಲೇಬೇಕು. ಗೌಡ್ತಿ ಒಳಗೆ ಹೋದಾಗ ಕೇರಿಯ ಹೆಣ್ಣು, ಇಲ್ಲದವರ ಮನೆಯ ಹೆಣ್ಣು ಕೆಸರಿಗೆ ಇಳಿದಳು. ಒಬ್ಬಳು ದುಡಿಯದೆ ಅಗ್ಗವಾದಳು, ಇನ್ನೊಬ್ಬಳು ದುಡಿದೂ ಅಗ್ಗವಾಗಿಯೇ ಉಳಿದಳು. ಸಿಂಧನೂರಿನ ಅಣ್ಣ ತಮ್ಮ ಅಮ್ಮನ ಬಗ್ಗೆ ಬರೆದದ್ದು ಓದಿ ಇದನ್ನು ಬರೆಯಬೇಕು ಅನ್ನಿಸಿತು.

ಗೌಡ್ತಿಯದೇ ಪೂರ್ತಿ ಸುಖ ಅಂತಲೂ ಅಂದುಕೊಳ್ಳಬೇಡಿ. ನಮ್ಮಮ್ಮ ಹೇಳುತ್ತಿದ್ದರು, ಗದ್ದೆಗೆ ಹೋಗುವಾಗ ನಾಲ್ಕು ಜನರ ಜೊತೆ ಪದ ಹೇಳಿಕೊಂಡು, ನಕ್ಕುಕೊಂಡು ಬರುತ್ತಿದ್ದೆವು, ಮನೆಯೊಳಗೆ ಸೇರಿದ ಮೇಲೆ ಅತ್ತೆಯ ಮುಖ ಒಂದೇ ಅಂತ.

---

ನಾಲೆಬಯಲು

ಅಕ್ಕಾ, ನಾನು ಹುಡುಕುತ್ತಿದ್ದ ಉತ್ತರ ಇದೇ. ಒಂದೇ ಒಂದು ಅನುಮಾನ. ನೀರಾವರಿ ಇಲ್ಲದ ಕಡೆಯೂ ಈಗ ವರದಕ್ಷಿಣೆ ಇದೆಯಲ್ಲ?

---

ಒಣಬೇಸಾಯ

ಇದೆ. ನಮ್ಮ ಕಡೆ ಜಾಸ್ತಿಯೇ ಇದೆ. ಪೇಟೆ ಕೆಲಸದ ಹುಡುಗನಿಗೆ ರೇಟು. ಗದ್ದೆ ಇರುವವನಿಗೆ ಮಂಡ್ಯದಲ್ಲಿ ಸಿಗುತ್ತಿದ್ದ ಬೆಲೆ, ಸಂಬಳ ಇರುವವನಿಗೆ ನಾಗಮಂಗಲದಲ್ಲಿ ಸಿಕ್ಕಿತು. ದಾರಿ ಬೇರೆ, ಕೊನೆಗೆ ಇಬ್ಬರೂ ಒಂದೇ ಚಿನ್ನದಂಗಡಿಯ ಮುಂದೆ ಗಾಡಿ ನಿಲ್ಲಿಸಿದೆವು.

---

ನಾಟಿಮಡಿ

ಗದ್ದೆ ಇರುವವನ ಬೆಲೆ ಈಗ ಏನಾಗಿದೆ ನೋಡಿ. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಟೀವಿಯವರು ನಕ್ಕರು. ನನಗೆ ನಗು ಬರಲಿಲ್ಲ. ನಾಲೆ ಪಕ್ಕದ ಗದ್ದೆ ಇರುವ ಹುಡುಗನಿಗೆ ಹೆಣ್ಣಿಲ್ಲ. ಹೆಣ್ಣುಮಕ್ಕಳು ಓದಿದ್ದಾರೆ, ಗದ್ದೆಯೂ ಬೇಡ, ಅತ್ತೆಯ ಮುಖವೂ ಬೇಡ, ಬೆಂಗಳೂರು ಬೇಕು. ಅದು ಒಂದು ಕಾರಣ.

ಇನ್ನೊಂದು ಕಾರಣ ಹೇಳಲು ಬೇಜಾರು. ಅದೇ ವರ್ಷ ನವೆಂಬರಿನಲ್ಲಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ನೋಡುವ ಜಾಲ ಸಿಕ್ಕಿಬಿತ್ತಲ್ಲ, ಸ್ಕ್ಯಾನಿಂಗ್ ನಡೆಯುತ್ತಿದ್ದ ಒಂದು ಜಾಗ ಮಂಡ್ಯದ ಆಲೆಮನೆ. ಕಬ್ಬಿನ ದುಡ್ಡು ಬಂದಿದ್ದೂ ಆಲೆಮನೆಯಿಂದ, ಹೆಣ್ಣು ಹೋಗಿದ್ದೂ ಆಲೆಮನೆಯಲ್ಲಿ.

---

ಮಸಾಲೆದೋಸೆ

ಅಕ್ಕಾ... ಇದಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ.

---

ತೂಬು

ಆಲೆಮನೆ ಮಾತು ಬಂದಿದ್ದಕ್ಕೆ: ಈಗ ನಮ್ಮ ಕಡೆ ಎಷ್ಟೋ ಆಲೆಮನೆಗಳಲ್ಲಿ ಕೊಪ್ಪರಿಗೆ ಮುಂದೆ ನಿಂತಿರುವವರು ಉತ್ತರ ಭಾರತದಿಂದ ಬಂದ ಕೂಲಿಯವರು. ನಮ್ಮ ಕೇರಿಯ ಹುಡುಗರು ಗಾರ್ಮೆಂಟ್ಸಿಗೆ, ಬೆಂಗಳೂರಿಗೆ ಹೋದರು. ಹಳೆಮಗ ಅನ್ನುವ ಮಾತು ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. ಆದರೆ ಮೊನ್ನೆ ಒಬ್ಬ ಯಜಮಾನರು ಆ ಹುಡುಗರನ್ನು ತೋರಿಸಿ "ನಂಬಿಕಸ್ತರು ಕಣಯ್ಯ, ಕರೆದಾಗ ಬರ್ತಾರೆ, ಇಲ್ಲೇ ಇರ್ತಾರೆ" ಅಂದರು. ನಮ್ಮ ತಾತನ ಬಗ್ಗೆಯೂ ಹಾಗೇ ಹೇಳುತ್ತಿದ್ದರು.

---

ಹಳೇ ಮೇಷ್ಟ್ರು

ನಾಲೆಬಯಲು, ನಿಮ್ಮ ಅಜ್ಜಿಯನ್ನು ಒಂದು ವಿಷಯ ಕೇಳಿ. ಅವರ ತವರು ನೀರು ಬಂದ ಊರೋ, ಬಾರದ ಊರೋ? ತೆರದ ದುಡ್ಡನ್ನು ಅವರ ತಂದೆ ಏನು ಮಾಡಿದರು?

---

ನಾಲೆಬಯಲು

ಮೇಷ್ಟ್ರೇ, ಫೋನ್ ಮಾಡಿ ಕೇಳಿದೆ. ತವರು ಒಣ ಊರು, ಮೇಲುಕೋಟೆ ಕಡೆ. ನೀರಿರುವ ಊರಿಗೆ ಮಗಳನ್ನು ಕೊಟ್ಟರೆ ಮೂರು ಹೊತ್ತು ಅನ್ನ ಉಣ್ಣುತ್ತಾಳೆ ಅಂತ ಅವರಪ್ಪ ಒಪ್ಪಿಕೊಂಡರಂತೆ. ಆಗ ಅವರ ಮನೆಯಲ್ಲಿ ಅನ್ನ ಹಬ್ಬಕ್ಕೆ ಮಾತ್ರ.

ತೆರದ ದುಡ್ಡಿನಲ್ಲಿ ಒಂದು ಎಮ್ಮೆ ತಂದರಂತೆ. ಯಾಕಜ್ಜಿ ಎಮ್ಮೆ ಅಂದೆ. "ಇನ್ನೇನ್ ತರ್ತಾರೆ, ನಾನು ಹೋದ್ಮೇಲೆ ಮನೇಲಿ ಹಾಲು ಕರೆದು ಮಾರೋದಕ್ಕೆ ಏನಾದ್ರೂ ಬೇಕಲ್ಲ" ಅಂದರು. ಆಮೇಲೆ, ತಂಗಿಗೆ ಎಷ್ಟು ಗ್ರಾಂ ಚಿನ್ನ ಹಾಕ್ತಿದ್ದೀರಿ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟಕ್ಕೆ ಎಷ್ಟು ಎಮ್ಮೆ ಬರ್ತವೆ?" ಅಂದರು. ಈಗ ಲೆಕ್ಕ ಹಾಕುತ್ತಾ ಕೂತಿದ್ದೇನೆ.